ಮಂಜಿನಲ್ಲಿ ಒಂದು ಉದ್ದ ಹಾರ್ನ್

ಬುರ್ರಿನ್ ಕೆರೆಯ ಮೇಲಿಂದ ಮಂಜು ಏಳುವುದು ನಮ್ಮ ಚಳಿಗಾಲದಲ್ಲಿ, ಜೂನ್ ಕೊನೆಯ ಹೊತ್ತಿಗೆ. ಎದ್ದ ಮೇಲೆ ಅದಕ್ಕೆ ಹೋಗುವ ಅವಸರವೇ ಇಲ್ಲ. ಮಧ್ಯಾಹ್ನ ಎರಡಾದರೂ ಫುಟ್‌ಬಾಲ್ ಮೈದಾನದ ಮೇಲೆ ಮೈಚೆಲ್ಲಿಕೊಂಡು ಬಿದ್ದಿರುತ್ತದೆ. ಅದಕ್ಕಾಗಿ ಆಟ ನಿಲ್ಲಿಸುವ ಪದ್ಧತಿ ನಮ್ಮಲ್ಲಿಲ್ಲ. ಕಡೆಗೆ ಹದಿನೆಂಟರಂತೆ ಮೂವತ್ತಾರು ಜನ ಆ ಬಿಳಿಯೊಳಗೆ ಇಳಿದು ಮಾಯವಾಗುತ್ತಾರೆ. ನಾವು ಮೈದಾನದ ಸುತ್ತ ಬೇಲಿಗೆ ಮೂತಿ ತಾಗಿಸಿ ನಿಲ್ಲಿಸಿದ ಕಾರುಗಳಲ್ಲಿ ಕೂತು, ಕಾಲ ಮೇಲೆ ಕಂಬಳಿ ಎಳೆದುಕೊಂಡು, ಫ್ಲಾಸ್ಕಿನ ಚಹಾ ಹೀರುತ್ತ, ಕಾಣದ ಆಟವನ್ನು ನೋಡುತ್ತೇವೆ. ಒಳಗಿನಿಂದ ಕೂಗು ಕೇಳುತ್ತದೆ, ಬೂಟು ಚೆಂಡಿಗೆ ತಗಲಿದ ಸದ್ದು ಕೇಳುತ್ತದೆ. ಒಮ್ಮೊಮ್ಮೆ ಯಾವನೋ ಒಬ್ಬ ಬೇಲಿಯ ಹತ್ತಿರಕ್ಕೆ ಓಡಿಬಂದು, ನಮ್ಮನ್ನು ಕಂಡು ಬೆರಗಾದವನಂತೆ ನಿಂತು, ಮತ್ತೆ ಬಿಳಿಯೊಳಗೆ ಹೋಗಿಬಿಡುತ್ತಾನೆ. ಸತ್ತ ಮೇಲೆ ಸ್ವರ್ಗ ಅಂತ ಒಂದಿದ್ದರೆ ಅದು ಹೀಗೆಯೇ ಇರಬಹುದು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ, ಸೋತ ದಿನಗಳನ್ನು ಬಿಟ್ಟು.

ಕಾಣದ ಆಟಕ್ಕೂ ಲೆಕ್ಕ ಬೇಕಲ್ಲ. ಅದಕ್ಕೆ ನಮ್ಮ ಅಜ್ಜಂದಿರು ಒಂದು ಕಟ್ಟಳೆ ಮಾಡಿಟ್ಟಿದ್ದಾರೆ. ಮೈದಾನದ ಎರಡೂ ತುದಿಯಲ್ಲಿ ನಾಲ್ಕು ನಾಲ್ಕು ಕಂಬಗಳಿವೆ. ನಡುವಿನ ಎರಡು ಎತ್ತರದ ಕಂಬಗಳ ಮಧ್ಯೆ ಚೆಂಡು ಹೋದರೆ ಗೋಲು, ಆರು ಅಂಕ. ಎತ್ತರದ ಕಂಬಕ್ಕೆ ತಗಲಿದರೆ, ಇಲ್ಲವೇ ಅದರ ಮಗ್ಗುಲಿಗೆ ಹೋದರೆ, ಒಂದೇ ಅಂಕ. ಗೋಲಿನ ಅಂಪೈರ್ ಆರಕ್ಕೆ ಎರಡು ಬಿಳಿ ಬಾವುಟ ಬೀಸುತ್ತಾನೆ, ಒಂದಕ್ಕೆ ಒಂದು. ಮಂಜಿನ ದಿನ ಆ ಬಾವುಟ ಕಾಣುವುದು ಗೋಲಿನ ಬೆನ್ನಿಗೇ ನಿಂತ ಕಾರಿಗೆ ಮಾತ್ರ. ಆ ಕಾರಿನವನು ಆರಕ್ಕೆ ಉದ್ದ ಹಾರ್ನ್ ಹೊಡೆಯಬೇಕು, ಒಂದಕ್ಕೆ ಗಿಡ್ಡ. ಪಕ್ಕದ ಕಾರು ಅದನ್ನೇ ಹೊಡೆಯುತ್ತದೆ, ಅದರ ಪಕ್ಕದ್ದೂ ಅದನ್ನೇ. ಹೀಗೆ ಸದ್ದು ಬೇಲಿ ಹಿಡಿದುಕೊಂಡು ಹೋಗಿ ಆಚೆ ದಿಕ್ಕಿನ ಸ್ಕೋರ್ ಬೋರ್ಡ್ ಮುಟ್ಟುತ್ತದೆ. ಅಲ್ಲಿ ಏಣಿಯ ಮೇಲೆ ಕೂತ ಮುದುಕ ಪ್ಯಾಟ್ ತಗಡಿನ ಅಂಕಿ ಬದಲಿಸುತ್ತಾನೆ. ಹೊಡೆದದ್ದು ತಪ್ಪಾಗಿದ್ದರೆ ತಿದ್ದಲಿಕ್ಕೂ ಒಂದು ದಾರಿಯಿದೆ: ಒಂದರ ಹಿಂದೆ ಒಂದು ಮೂರು ಗಿಡ್ಡ ಹಾರ್ನ್.

ಉತ್ತರದ ಗೋಲಿನ ಬೆನ್ನಿನ ಜಾಗ ನಮ್ಮ ಮನೆತನದ್ದು. ಅಪ್ಪ ಹೋದ ಮೇಲೆ ಹತ್ತೊಂಬತ್ತು ವರ್ಷದಿಂದ ಅಲ್ಲಿ ನನ್ನ ಕಾರು ನಿಲ್ಲುತ್ತಿತ್ತು. ಹಾಲಿನ ಟ್ಯಾಂಕರ್ ಓಡಿಸುವ ಲೆಸ್ಟರ್ ಎಂದರೆ ಕೆಲವರಿಗೆ ಗೊತ್ತಾಗದೆ ಹೋಗಬಹುದು. ಉತ್ತರದ ಹಾರ್ನ್ ಎಂದರೆ ಇಡೀ ಊರಿಗೆ ಗೊತ್ತು. ಆ ಹತ್ತೊಂಬತ್ತು ವರ್ಷದಲ್ಲಿ ನಾನು ಮೂರು ಗಿಡ್ಡ ಹಾರ್ನ್ ಒಮ್ಮೆಯೂ ಹೊಡೆದವನಲ್ಲ, ಆ ಹೆಮ್ಮೆಯನ್ನು ಮುಚ್ಚಿಟ್ಟುಕೊಂಡವನೂ ಅಲ್ಲ.

ಆ ಕಾರಿನ ಹಿಂದಿನ ಸೀಟಿನಲ್ಲಿ ನನ್ನ ಅಕ್ಕ ಮೊಯಿರಾ ಕೂರುತ್ತಿದ್ದಳು, ನನ್ನ ಪಕ್ಕದಲ್ಲಿ ಅವಳ ಗಂಡ ಆಂಬ್ರೋಸ್. ಭಾವನ ಕಸುಬು ಬೂಟು ರಿಪೇರಿ. ಆದರೆ ಊರು ಅವನನ್ನು ಗುರುತಿಸುತ್ತಿದ್ದುದು ಬೇರೆ ಕೆಲಸಕ್ಕೆ. ಇಪ್ಪತ್ತೆರಡು ವರ್ಷದಿಂದ ನಮ್ಮ ಕ್ಲಬ್ಬಿಗೆ ಆಟಗಾರರನ್ನು ಹುಡುಕಿ ತರುತ್ತಿದ್ದವನು ಅವನೇ. ಗೋಧಿ ಬೆಳೆಯುವ ದೂರದ ಊರುಗಳಿಗೆಲ್ಲ ಹೋಗಿ, ಯಾರದೋ ಗೋಲಿನ ಹಿಂದೆ ತಲೆ ಬಗ್ಗಿಸಿ ನಿಂತು, ಅರ್ಧ ದಿನ ಆಟ ನೋಡಿ, ಒಬ್ಬನನ್ನು ಆರಿಸಿಕೊಂಡು ಬರುತ್ತಿದ್ದ. ನಾಲ್ಕು ವರ್ಷದಿಂದ ಮಂಡಿನೋವು ಎಂದು ತಾನು ಕಾರು ಓಡಿಸುವುದು ಬಿಟ್ಟಿದ್ದ. ಮೊಯಿರಾಳೇ ಕರೆದುಕೊಂಡು ಹೋಗುತ್ತಿದ್ದಳು.

ಎಂಬತ್ತಮೂರರ ಆ ಚಳಿಗಾಲದಲ್ಲಿ ನಮ್ಮ ಹೆಜ್ಜಾರ್ಲೆಗಳಿಗೆ ಏನು ದೆವ್ವ ಹೊಕ್ಕಿದೆಯೋ ಯಾರಿಗೂ ತಿಳಿಯುತ್ತಿರಲಿಲ್ಲ. ಹೆಜ್ಜಾರ್ಲೆಗಳು ಎಂದರೆ ನಮ್ಮ ತಂಡ. ಕೆರೆಯ ಹಕ್ಕಿಯ ಹೆಸರನ್ನೇ ಇಟ್ಟುಕೊಂಡಿದ್ದೇವೆ. ಒಂದು ಶನಿವಾರ ಪಟ್ಟಿಯ ಮೇಲ್ತುದಿಯಲ್ಲಿದ್ದ ತಂಡವನ್ನು ಎಪ್ಪತ್ತೊಂದು ಅಂಕಗಳಿಂದ ಬಡಿದರು. ಮುಂದಿನ ಶನಿವಾರ, ಒಂದು ವರ್ಷದಿಂದ ಒಂದೂ ಆಟ ಗೆಲ್ಲದ ಬಡಪಾಯಿಗಳ ಕೈಯಲ್ಲಿ ಚೆನ್ನಾಗಿ ತಿಂದು ಬಂದರು. ಅದರ ಮುಂದಿನ ವಾರ ಮತ್ತೆ ರಾಜರು. ಹೀಗೆ ಹದಿಮೂರು ವಾರ.

ಇದಕ್ಕೆ ಕಾರಣವೇನು ಎಂಬ ವಾದಕ್ಕೆ ಊರಿನಲ್ಲಿ ಜಾಗದ ಕೊರತೆಯಿರಲಿಲ್ಲ. ಚರ್ಚಿನ ಮೆಟ್ಟಿಲ ಮೇಲೆ ನಡೆಯುತ್ತಿತ್ತು, ಪಬ್ಬಿನಲ್ಲಿ ನಡೆಯುತ್ತಿತ್ತು, ಎಲ್ಲಕ್ಕಿಂತ ಜೋರಾಗಿ ಕ್ಲಬ್ಬಿನ ಅಧ್ಯಕ್ಷ ನೋಯೆಲ್‌ನ ಮಾಂಸದಂಗಡಿಯಲ್ಲಿ. ಕೋಚ್‌ಗೆ ಹೊಸದಾಗಿ ಮದುವೆಯಾದದ್ದೇ ಮೂಲ ಎಂದು ಕೆಲವರು. ಶುಕ್ರವಾರದ ಬಿಯರ್ ಎಂದು ಪಾದ್ರಿಗಳು. ಮೈದಾನದಲ್ಲಿ ಬಿಸಿ ಮಾಂಸದ ಪೈ ಮಾರುವ ವೆರ್ನಾಳ ಬಳಿ ಒಂದು ನೋಟ್‌ಬುಕ್ಕಿತ್ತು. ಪೈ ಬೇಗ ಖಾಲಿಯಾದ ದಿನವೆಲ್ಲ ತಂಡ ಸೋತಿದೆ ಎಂದು ಅವಳು ತಾರೀಖಿನ ಸಮೇತ ತೋರಿಸುತ್ತಿದ್ದಳು. ಅದನ್ನು ಅಲ್ಲಗಳೆಯಲು ಯಾರಿಗೂ ಆಗಲಿಲ್ಲ. ವಾದ ಎಲ್ಲಿ ಶುರುವಾದರೂ ಕೊನೆಗೆ ಆಂಬ್ರೋಸ್ ತಂದ ಹುಡುಗರ ಹತ್ತಿರ ಬಂದು ನಿಲ್ಲುತ್ತಿತ್ತು. ನಾಲ್ಕು ವರ್ಷದಲ್ಲಿ ಅವನು ತಂದವರು ಹನ್ನೊಂದು ಜನ. ಒಬ್ಬೊಬ್ಬನೂ ಚೆಂಡು ಒದ್ದರೆ ಕೇಳಬೇಕು, ಅಂಥ ಒದೆತ. ಓಡಲು ಹೇಳಿದರೆ ಮಾತ್ರ ದೇವರೇ ಗತಿ.

ಮಾಂಸ ಕಡಿಯುತ್ತ ನೋಯೆಲ್ ಒಂದು ದಿನ ಅಂದ, "ನಿಮ್ಮ ಭಾವ ತರೋ ಹುಡುಗ್ರು ಒದೆಯೋದ್ರಲ್ಲಿ ದೇವ್ರು ಕಣಯ್ಯಾ. ಓಡೋದ್ರಲ್ಲಿ ನಮ್ಮತ್ತೇನೇ ವಾಸಿ."

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನು ಎಲ್ಲರಿಗಿಂತ ಹೆಚ್ಚು ನಕ್ಕೆ. ನನಗೆ ಭಾವನ ಮೇಲೆ ಸಿಟ್ಟಿತ್ತು, ಅದನ್ನು ಬಚ್ಚಿಡುವುದಿಲ್ಲ. ಇಪ್ಪತ್ತೆರಡು ವರ್ಷ ಒಂದೇ ಕುರ್ಚಿಯಲ್ಲಿ ಕೂತವನಿಗೆ ಜಂಬ ಬರುತ್ತದೆ, ಕಾಲ ಬದಲಾದದ್ದು ತಿಳಿಯುವುದಿಲ್ಲ ಎಂದು ನಾನು ಊರೆಲ್ಲ ಹೇಳಿಕೊಂಡು ತಿರುಗಿದ್ದೆ. ಜುಲೈ ಮಧ್ಯದ ಗುರುವಾರ ಕ್ಲಬ್ಬಿನ ಸಭೆಯಿತ್ತು. ಅಂದು ಅವನನ್ನು ಆ ಕೆಲಸದಿಂದ ಇಳಿಸಬೇಕೆಂಬ ಮಾತನ್ನು ನಾನೇ ಎತ್ತುತ್ತೇನೆ ಎಂದು ನೋಯೆಲ್‌ಗೆ ಹೇಳಿದ್ದೆ. ಆಂಬ್ರೋಸ್‌ಗೂ ಅದು ಗೊತ್ತಿತ್ತು. ಆದರೂ ಸಭೆಯ ಹಿಂದಿನ ಶನಿವಾರ ಎಂದಿನಂತೆ ಬಂದು ನನ್ನ ಪಕ್ಕದ ಸೀಟಿನಲ್ಲಿ ಕೂತ. ಚಹಾ ಬಗ್ಗಿಸಿ ಕೊಟ್ಟಾಗ ಎರಡೂ ಕೈಯಲ್ಲಿ ಲೋಟ ಹಿಡಿದುಕೊಂಡು, ಇವತ್ತು ಗಾಳಿಯಿಲ್ಲ, ಒಳ್ಳೆಯ ದಿನ ಎಂದ.

ಅಂದಿನ ಮಂಜು ಅಂತಿಂಥದ್ದಲ್ಲ. ಕಾರಿನ ಬಾನೆಟ್ಟಿನ ತುದಿ ಕಂಡರೆ ಪುಣ್ಯ. ನಲವತ್ತು ಹೆಜ್ಜೆ ದೂರದ ಗೋಲು ಕಂಬಗಳು ಒಮ್ಮೆ ಎರಡಾಗಿ, ಒಮ್ಮೆ ಆರಾಗಿ, ಒಮ್ಮೆ ಇಲ್ಲವೇ ಇಲ್ಲವಾಗಿ ತೇಲುತ್ತಿದ್ದವು. ಎದುರಾಳಿಗಳು ಡನ್‌ಬೆಗ್‌ನವರು, ಕೆರೆಯ ಆಚೆ ದಡದ ಊರು. ಮೊದಲ ಮೂರು ಕಾಲುಭಾಗ ಕನಸಿನಲ್ಲಿ ನಡೆದಂತೆ ನಡೆಯಿತು. ಹಾರ್ನುಗಳು ನಮ್ಮಿಂದ ಹೊರಟು ದೂರ ದೂರ ಹೋಗಿ ಸಣ್ಣದಾಗುತ್ತಿದ್ದವು, ದಕ್ಷಿಣದ ಗೋಲಿನಿಂದ ಹೊರಟವು ನಮ್ಮ ಕಡೆಗೆ ಬರುತ್ತಿದ್ದವು. ನಡುನಡುವೆ ಎಲ್ಲ ಸ್ತಬ್ಧವಾದಾಗ ಕೆರೆಯಲ್ಲಿ ಹಕ್ಕಿ ರೆಕ್ಕೆ ಬಡಿಯುವುದೂ ಕೇಳುತ್ತಿತ್ತು. ಮೊಯಿರಾ ಹಿಂದೆ ಕೂತು ಏನೋ ಹೆಣೆಯುತ್ತಿದ್ದಳು. ನನಗೆ ಮಾತನಾಡುವ ಮನಸ್ಸಿರಲಿಲ್ಲ. ಗುರುವಾರದ ಮಾತು ನಮ್ಮಿಬ್ಬರ ನಡುವೆ ಗೇರಿನ ಪಕ್ಕದಲ್ಲೇ ಕೂತಿತ್ತು.

ಕೊನೆಯ ಕಾಲುಭಾಗ ಶುರುವಾಗಿ ಸ್ವಲ್ಪ ಹೊತ್ತಿಗೆ ಚೆಂಡು ನಮ್ಮ ಕಡೆಯ ಗೋಲಿಗೆ ಬಂತು. ಕೀತ್ ಟ್ರೆವೆನಾ ಎಂದು ಯಾರೋ ಕೂಗಿದರು. ಕೀತ್ ಆಂಬ್ರೋಸ್‌ನ ಇತ್ತೀಚಿನ ಶೋಧ. ಗೋಧಿ ಕಣಜದಲ್ಲಿ ಕೆಲಸ ಮಾಡುತ್ತಿದ್ದ ಆರೂವರೆ ಅಡಿಯ ಆಸಾಮಿ. ತಿರುಗಿ ನಿಲ್ಲಲು ನನ್ನ ಟ್ಯಾಂಕರ್‌ಗಿಂತ ಹೆಚ್ಚು ಹೊತ್ತು ಬೇಕು ಅವನಿಗೆ. ಬೂಟಿನ ಸದ್ದು ಬಂತು. ದುಂಡಗೆ, ತುಂಬಿದ ಸದ್ದು. ಆಮೇಲೆ ಟಕ್ ಎಂದು ಏನೋ ಕೇಳಿತೋ ಇಲ್ಲವೋ, ಆಟಗಾರರ ಕೂಗಿನಲ್ಲಿ ನನಗೆ ತಿಳಿಯಲಿಲ್ಲ. ಮಂಜಿನೊಳಗೆ ಬಿಳಿಯದೊಂದು ಆಚೆ ಹೋಗಿ ಈಚೆ ಬಂತು.

"ಕಂಬಕ್ಕೆ ಬಡೀತು, ಲೆಸ್. ಒಂದೇ," ಎಂದ ಆಂಬ್ರೋಸ್.

"ಎರಡು ಬಾವುಟ ಬೀಸ್ತಾ ಇದಾನೆ, ನಾನು ನೋಡ್ದೆ."

"ಬೀಸಲಿ. ಕಂಬದ ಸದ್ದು ಕೇಳಿಸ್ತು ನನಗೆ."

ನಿಜ ಹೇಳುತ್ತೇನೆ, ನಾನು ಕಂಡದ್ದು ಎರಡು ಬಾವುಟವಲ್ಲ. ಬಿಳಿಯಲ್ಲಿ ಅಲುಗಿದ ಬಿಳಿ. ಅದು ಒಂದೇ ಇರಬಹುದು ಎಂಬ ಅನುಮಾನ ನನಗೂ ಬಂತು. ಆದರೆ ಒಂದೇ ಎಂದು ಹೇಳಿದವನು ಆಂಬ್ರೋಸ್. ತಲೆ ಬಗ್ಗಿಸಿ ಚಹಾ ಲೋಟದೊಳಗೆ ಮುಖವಿಟ್ಟು ಕೂತವನು, ಕಣ್ಣು ಬಿಟ್ಟು ನೋಡುತ್ತಿರುವ ನನಗೆ ಪಾಠ ಹೇಳುವುದೇ? ನಾನು ಹಾರ್ನಿನ ಮೇಲೆ ಅಂಗೈ ಒತ್ತಿದೆ. ಉದ್ದಕ್ಕೆ ಒತ್ತಿದೆ. ಪಕ್ಕದ ಕಾರು ಒತ್ತಿತು, ಅದರ ಪಕ್ಕದ್ದು ಒತ್ತಿತು, ಸದ್ದು ಮೈದಾನ ಸುತ್ತಿತು.

ಗೋಲಾಗಿದ್ದರೆ ಚೆಂಡು ನಡುಮೈದಾನಕ್ಕೆ ಹೋಗಬೇಕು. ಒಂದೇ ಅಂಕವಾಗಿದ್ದರೆ ಎದುರಾಳಿ ಗೋಲಿನ ಬಾಯಿಂದಲೇ ಒದೆಯುತ್ತಾನೆ. ನನ್ನ ಅಂಗೈ ಹಾರ್ನಿನಿಂದ ಇಳಿದ ಸ್ವಲ್ಪ ಹೊತ್ತಿನಲ್ಲೇ ನಮ್ಮ ಮುಂದೆ ಒಂದು ಒದೆತದ ಸದ್ದು ಕೇಳಿತು. ಡನ್‌ಬೆಗ್‌ನವನು ಗೋಲಿನ ಬಾಯಿಂದ ಒದ್ದ ಸದ್ದು. ನಾನು ಕೇಳಿಸಿಕೊಂಡೆ. ಮೂರು ಗಿಡ್ಡ ಹಾರ್ನ್ ಹೊಡೆದಿದ್ದರೆ ಮುಗಿಯುತ್ತಿತ್ತು. ಕೈ ಏಳಲಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ, ಅದೂ ಇವನ ಮುಂದೆ ಎಂದು ಮನಸ್ಸು ಹಟ ಹಿಡಿಯಿತು. ಹಿಂದಿನ ಸೀಟಿನಲ್ಲಿ ಹೆಣಿಗೆಯ ಕಡ್ಡಿಗಳ ಸದ್ದು ನಿಂತು, ಮತ್ತೆ ಶುರುವಾಯಿತು.

ಆಡುವವನಿಗೆ ತಾನು ಒದ್ದದ್ದು ನೆನಪಿರುತ್ತದೆ, ಮೊತ್ತ ನೆನಪಿರುವುದಿಲ್ಲ. ಮೊತ್ತಕ್ಕೆ ಬೋರ್ಡನ್ನೇ ನಂಬಬೇಕು. ಆಟ ಮುಗಿಯಲು ಒಂದು ನಿಮಿಷವಿದ್ದಾಗ ಪ್ಯಾಟ್‌ನ ಬೋರ್ಡಿನಲ್ಲಿ ನಮ್ಮದು ಅರವತ್ತನಾಲ್ಕು, ಡನ್‌ಬೆಗ್‌ನದು ಅರವತ್ತು. ಆಗ ಚೆಂಡು ಮತ್ತೆ ಕೀತ್‌ನ ಕೈಗೆ ಬಂತು, ಗೋಲಿನಿಂದ ಮೂವತ್ತು ಹೆಜ್ಜೆಯಲ್ಲಿ, ಹಾರಿ ಬಂದ ಚೆಂಡನ್ನು ಹಿಡಿದವನಿಗೆ ನಮ್ಮ ಆಟದಲ್ಲಿ ಸಿಗುವ, ಯಾರೂ ಅಡ್ಡ ಬರುವಂತಿಲ್ಲದ ಒದೆತ. ಅವನು ನಿದ್ದೆಯಲ್ಲೂ ತಪ್ಪದ ದೂರ. ಅಷ್ಟರಲ್ಲಿ ಬೋರ್ಡಿನ ಕೆಳಗೇ ಕೂತಿದ್ದ ಕೋಚ್‌ನ ಸಂದೇಶ ಹೊತ್ತವನು ಓಡಿಬಂದು, ನಾಲ್ಕು ಮುಂದಿದ್ದೇವೆ, ಒದೆಯಬೇಡ, ಹಿಂದಕ್ಕೆ ಕೊಟ್ಟು ಹೊತ್ತು ಕಳೆ ಎಂದು ಕೂಗಿದ. ಕೀತ್ ಹೇಳಿದಂತೆ ಮಾಡಿದ. ಗೋಲಿಗೆ ಬೆನ್ನು ಮಾಡಿ ಹಿಂದಕ್ಕೆ ಒದ್ದ. ಸೈರನ್ ಮೊಳಗಿತು. ನೂರಿಪ್ಪತ್ತು ಕಾರುಗಳು ಒಟ್ಟಿಗೆ ಹಾರ್ನ್ ಹೊಡೆದವು. ಮಂಜಿನೊಳಗೆ ನಮ್ಮ ಹುಡುಗರು ಒಬ್ಬರನ್ನೊಬ್ಬರು ಹುಡುಕಿಕೊಂಡು ತಬ್ಬಿಕೊಳ್ಳುತ್ತಿದ್ದರು.

ನಾನು ಹೊಡೆಯಲಿಲ್ಲ. ಕೈಯೆರಡನ್ನೂ ತೊಡೆಯ ಕೆಳಗೆ ಇಟ್ಟುಕೊಂಡಿದ್ದೆ.

ನಿಜವಾದ ಲೆಕ್ಕ ಇರುವುದು ಇಬ್ಬರು ಗೋಲು ಅಂಪೈರ್‌ಗಳ ಜೇಬಿನ ಚೀಟಿಯಲ್ಲಿ. ಅವರು ಮೈದಾನದ ನಡುವೆ ಬಂದು ಚೀಟಿ ತಾಳೆ ನೋಡಿದರು. ನಮ್ಮದು ಐವತ್ತೊಂಬತ್ತು, ಅವರದು ಅರವತ್ತು. ಒಂದು ಅಂಕದಿಂದ ಸೋತಿದ್ದೆವು. ಆ ಸುದ್ದಿ ಕಾರಿನಿಂದ ಕಾರಿಗೆ ಹಾರ್ನಿಲ್ಲದೆ ಹಬ್ಬಿತು. ನೋಯೆಲ್ ಬೇಲಿಗುಂಟ ನಡೆದು ಬಂದು ನಮ್ಮ ಕಿಟಕಿಗೆ ಬಗ್ಗಿದ. ಯಾವನೋ ಡನ್‌ಬೆಗ್‌ನ ಕಿಡಿಗೇಡಿ ನಡುವೆ ಉದ್ದ ಹಾರ್ನ್ ಹೊಡೆದು ಪ್ಯಾಟ್‌ನ ದಾರಿ ತಪ್ಪಿಸಿದ್ದಾನೆ ಎಂದ. ಆಮೇಲೆ ಆಂಬ್ರೋಸ್‌ನನ್ನು ನೋಡಿ, ಅದೇನೇ ಇರಲಿ, ಮೂವತ್ತು ಹೆಜ್ಜೆಯಿಂದ ಗೋಲಿಗೆ ಬೆನ್ನು ಮಾಡುವ ಬುದ್ಧಿವಂತನನ್ನು ಎಲ್ಲಿಂದ ಹೆಕ್ಕಿ ತಂದೆಯಪ್ಪಾ ಎಂದು ಕೇಳಿ ಹೋದ. ಉತ್ತರದ ಹಾರ್ನಿನ ಮೇಲೆ ಅವನಿಗೆ ಅನುಮಾನವೇ ಬರಲಿಲ್ಲ. ನಾನೂ ಹೇಳಲಿಲ್ಲ, ಆಂಬ್ರೋಸನೂ ಹೇಳಲಿಲ್ಲ.

ಅಷ್ಟು ಹೊತ್ತಿಗೆ ಮಂಜು ಹರಿಯತೊಡಗಿತ್ತು. ಇಡೀ ದಿನ ಬಿದ್ದುಕೊಂಡಿದ್ದದ್ದು, ಆಟ ಮುಗಿದ ಕೂಡಲೇ ಎದ್ದು ಕೆರೆಯ ಕಡೆಗೆ ಹೊರಟುಬಿಟ್ಟಿತು. ಇಳಿಬಿಸಿಲು ಬಿತ್ತು. ಒದ್ದೆ ಹುಲ್ಲು, ಕಂಬಗಳು, ಆಚೆಗೆ ಸ್ಕೋರ್ ಬೋರ್ಡ್, ಅದರ ಏಣಿ ಏರುತ್ತಿದ್ದ ಪ್ಯಾಟ್, ಎಲ್ಲ ತೊಳೆದಿಟ್ಟ ಹಾಗೆ ಕಂಡವು. ಪ್ಯಾಟ್ ಅರವತ್ತನಾಲ್ಕನ್ನು ತೆಗೆದು ಐವತ್ತೊಂಬತ್ತು ತೂಗುಹಾಕಿದ. ಬಿಳಿ ಅಂಕಿ, ಆಳುದ್ದ. ಆಂಬ್ರೋಸ್ ನೇರ ಬೋರ್ಡಿನ ಕಡೆಗೇ ಮುಖ ಮಾಡಿ ಕೂತಿದ್ದ.

"ಪ್ಯಾಟ್ ಅಂಕಿ ಬದಲಾಯಿಸಿದ್ನಾ?" ಎಂದು ಕೇಳಿದ.

ನಾನು ಅವನ ಮುಖ ನೋಡಿದೆ. ಬಿಸಿಲು ಅವನ ಕಣ್ಣಿನ ಮೇಲೇ ಬಿದ್ದಿತ್ತು. ಅವನು ತಮಾಷೆ ಮಾಡುತ್ತಿರಲಿಲ್ಲ. ಕನ್ನಡಿಯಲ್ಲಿ ಅಕ್ಕ ನನ್ನನ್ನೇ ನೋಡುತ್ತಿದ್ದಳು, ಬೇಡ ಎನ್ನುವಂತೆ ತಲೆಯಾಡಿಸಿದಳು. ಬದಲಾಯಿಸಿದ ಎಂದು ಹೇಳಿ ನಾನು ಕಾರು ಶುರು ಮಾಡಿದೆ.

ಭಾನುವಾರದಿಂದ ಬುಧವಾರದವರೆಗೆ ನಾನು ಹಾಲಿನ ಟ್ಯಾಂಕರ್ ಓಡಿಸಿದ್ದು ಯಾವ ರಸ್ತೆಯಲ್ಲಿ ಎಂದು ಕೇಳಿದರೆ ಹೇಳಲಾರೆ. ತಲೆಯಲ್ಲಿ ಹದಿಮೂರು ವಾರದ ಆಟಗಳು ಒಂದೊಂದಾಗಿ ಬಂದು ನಿಲ್ಲುತ್ತಿದ್ದವು. ಟ್ಯಾಂಕರ್ ಓಡಿಸುವವನು ಗಾಳಿಯನ್ನು ಮರೆಯುವುದಿಲ್ಲ, ಖಾಲಿ ಗಾಡಿಯನ್ನು ಗಾಳಿ ಹೇಗೆ ತಳ್ಳುತ್ತದೆ ಎಂದು ಕೈಗೆ ನೆನಪಿರುತ್ತದೆ. ಎಪ್ಪತ್ತೊಂದು ಅಂಕದಿಂದ ಗೆದ್ದ ಶನಿವಾರ ಎಲೆ ಅಲ್ಲಾಡಿರಲಿಲ್ಲ. ಬಡಪಾಯಿಗಳ ಕೈಯಲ್ಲಿ ಸೋತ ದಿನ ಟ್ಯಾಂಕರ್ ಎರಡು ಸಲ ರಸ್ತೆಯ ಅಂಚಿಗೆ ಸರಿದಿತ್ತು. ಗಾಳಿಯಿಲ್ಲದ ದಿನ ಗೆಲುವು. ಗಾಳಿ, ಕೆಸರು ಇದ್ದ ದಿನ, ಒದೆತ ಕೆಲಸಕ್ಕೆ ಬಾರದೆ ಬರೀ ಓಡಬೇಕಾದ ದಿನ, ಸೋಲು. ಊರೆಲ್ಲ ಹುಡುಕಿದ ಮೂಲ ಇದು. ಹನ್ನೊಂದು ಜನರ ಒದೆತವೂ ಕೇಳಲು ಚೆಂದ, ಯಾಕೆಂದರೆ ಅವರನ್ನು ಆರಿಸಿದ್ದೇ ಕೇಳಿಸಿಕೊಂಡು. ಗೋಲಿನ ಹಿಂದೆ ತಲೆ ಬಗ್ಗಿಸಿ ನಿಂತ ಮನುಷ್ಯನಿಗೆ ಯಾರು ಜೋರಾಗಿ ಓಡುತ್ತಾನೆ ಎಂದು ಹೇಗೆ ಗೊತ್ತಾಗಬೇಕು?

ಬುಧವಾರ ಮಧ್ಯಾಹ್ನ ಅಕ್ಕನ ಮನೆಗೆ ಹೋದೆ. ಅವಳು ಹಿತ್ತಲಲ್ಲಿ ಬಟ್ಟೆ ಒಣಗಿಸುತ್ತಿದ್ದಳು. ಒಳಗಿನ ಕೋಣೆಯಿಂದ ಆಂಬ್ರೋಸ್ ಬೂಟಿಗೆ ಮೊಳೆ ಹೊಡೆಯುವ ಸದ್ದು ಬರುತ್ತಿತ್ತು, ಒಂದೂ ತಪ್ಪದ ಏಟು. ನಾನು ಕೇಳುವ ಮೊದಲೇ ಅವಳು ಹೇಳಿದಳು. ನಾಲ್ಕು ವರ್ಷವಾಯಿತು, ಮೆಲ್ಬರ್ನ್‌ನ ಡಾಕ್ಟರು ಇನ್ನು ಮಾಡುವುದೇನೂ ಇಲ್ಲ ಎಂದಿದ್ದಾರೆ. ಅವನ ನೋಟದ ನಡುಭಾಗವೇ ಹೋಗಿದೆ, ಅಂಚು ಮಾತ್ರ ಉಳಿದಿದೆ. ಅದಕ್ಕೇ ನಡೆದಾಡುವಾಗ ಎಡವುವುದಿಲ್ಲ, ಯಾರಿಗೂ ತಿಳಿಯುವುದಿಲ್ಲ.

"ಎದುರಿಗೆ ನಿಂತ್ರೆ ನನ್ನ ಮುಖ ಕಾಣಲ್ಲ ಅವನಿಗೆ," ಎಂದಳು. "ಪಕ್ಕದಲ್ಲಿ ನಿಂತ್ರೆ ಕಿವಿ ಕಾಣುತ್ತೆ ಅಂತಾನೆ. ನಾಲ್ಕು ವರ್ಷದಿಂದ ನನ್ನ ಕಿವಿ ನೋಡ್ಕೊಂಡೇ ಸಂಸಾರ ಮಾಡ್ತಾ ಇದಾನೆ."

ಇದನ್ನು ಕ್ಲಬ್ಬಿಗೆ ಹೇಳಬಹುದಿತ್ತಲ್ಲ ಎಂದೆ. ಹೇಳಿದರೆ ಎಲ್ಲರೂ ಅಯ್ಯೋ ಪಾಪ ಎನ್ನುತ್ತಾರೆ, ಕೈ ಹಿಡಿದು ರಸ್ತೆ ದಾಟಿಸುತ್ತಾರೆ, ಅದು ಅವನಿಗೆ ಬೇಡ ಎಂದಳು. ಶನಿವಾರವೊಂದಿದೆ ಎಂದು ಅವನು ಉಳಿದ ಆರು ದಿನ ಬದುಕುತ್ತಾನೆ, ದೂರದ ಊರಿನ ಗೋಲಿನ ಹಿಂದೆ ನಿಂತಾಗ ಅವನ ಮುಖ ನೋಡಬೇಕು ನೀನು, ಹುಡುಗನ ಹಾಗಿರುತ್ತದೆ ಎಂದಳು.

ಕೊನೆಗೆ ಒಂದು ಅಂಗಿಯನ್ನು ಕೊಡವಿ ಹಗ್ಗದ ಮೇಲೆ ಹಾಕಿ ನನ್ನ ಕಡೆ ತಿರುಗಿದಳು. "ನಾಳೆ ನೀನೇನು ಮಾಡ್ತೀಯೋ ಮಾಡು, ಲೆಸ್. ಕಣ್ಣಿನ ಮಾತು ಮಾತ್ರ ಎತ್ತಬೇಡ."

ಎತ್ತುವುದಿಲ್ಲ ಎಂದು ಮಾತು ಕೊಟ್ಟೆ.

ಗುರುವಾರ ಸಂಜೆ ಹುಡುಗರ ಅಭ್ಯಾಸ ಮುಗಿದ ಮೇಲೆ ಕ್ಲಬ್ಬಿನ ಕೋಣೆಯಲ್ಲಿ ನಲವತ್ತಕ್ಕೂ ಹೆಚ್ಚು ಜನ ಸೇರಿದ್ದರು. ಕೊನೆಯ ಸಾಲಿನಲ್ಲಿ ಕೀತ್ ಗೋಡೆಗೆ ಒರಗಿ, ತನ್ನ ಎತ್ತರವನ್ನು ಎಲ್ಲಿ ಬಚ್ಚಿಡಬೇಕೆಂದು ತಿಳಿಯದೆ ನಿಂತಿದ್ದ. ಆಂಬ್ರೋಸ್ ಮುಂದಿನ ಸಾಲಿನಲ್ಲಿ ಕೂತಿದ್ದ, ಜನರಿಗೆ ಎದುರಾಗಿ ತಿರುಗಿಸಿದ ಕುರ್ಚಿಯಲ್ಲಿ. ನಾನೂ ಕುರ್ಚಿಯನ್ನು ಹಾಗೇ ತಿರುಗಿಸಿಕೊಂಡು ಅವನ ಪಕ್ಕದಲ್ಲೇ ಕೂತೆ. ಎದುರು ಕೂತು ಅವನ ಮೇಲೆ ಮಾತಾಡುವ ಧೈರ್ಯ ನನಗಿರಲಿಲ್ಲ.

ವಾದ ಶುರುವಾದದ್ದೇ ಕೀತ್‌ನಿಂದ. ಒಬ್ಬ ಅವನನ್ನು ಗೋಧಿ ಮೂಟೆ ಎಂದ. ಇನ್ನೊಬ್ಬ ಡನ್‌ಬೆಗ್‌ನವರ ಮೇಲೆ ದೂರು ಕೊಡಬೇಕು ಎಂದ. ವೆರ್ನಾ ಶನಿವಾರ ಪೈ ಎರಡೂವರೆಗೇ ಖಾಲಿಯಾಗಿತ್ತು ಎಂದು ನೋಟ್‌ಬುಕ್ ತೆರೆದಳು. ನೋಯೆಲ್ ಎಲ್ಲರನ್ನೂ ಸುಮ್ಮನಾಗಿಸಿ, ಲೆಸ್ಟರ್ ಏನೋ ಹೇಳಬೇಕಂತೆ ಎಂದ.

ನಾನು ಎದ್ದು ನಿಂತೆ. "ಡನ್‌ಬೆಗ್‌ನವರದ್ದೇನೂ ತಪ್ಪಿಲ್ಲ. ಕೀತ್‌ದೂ ಇಲ್ಲ. ಅದು ಉತ್ತರದ ಹಾರ್ನು. ನಾನೇ ಹೊಡೆದೆ," ಎಂದೆ.

ಆಮೇಲೆ ಉಳಿದದ್ದನ್ನೂ ಹೇಳಿದೆ. ಆಂಬ್ರೋಸ್ ಕಂಬಕ್ಕೆ ಬಡಿಯಿತು ಎಂದದ್ದು, ನಾನು ಕೇಳದೆ ಹೋದದ್ದು, ತಪ್ಪೆಂದು ತಿಳಿದ ಮೇಲೂ ಮೂರು ಗಿಡ್ಡ ಹಾರ್ನ್ ಹೊಡೆಯದೆ ಕೂತದ್ದು. ಪ್ಯಾಟ್ ಟೋಪಿ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡು, ಮೂವತ್ತು ವರ್ಷ ಆ ಹಾರ್ನನ್ನು ನಂಬಿದ್ದೆನಲ್ಲಪ್ಪಾ ಎಂದ. ಬೈದಿದ್ದರೆ ಚೆನ್ನಾಗಿತ್ತು. ಇನ್ನು ಗೋಲಿನ ಬೆನ್ನಿನ ಆ ಜಾಗ ನನಗೆ ಬೇಡ, ಬೇರೆ ಯಾರಿಗಾದರೂ ಕೊಡಿ ಎಂದು ಹೇಳಿ ನಾನು ಕೂತೆ. ಕೀತ್ ಕೊನೆಯ ಸಾಲಿನಿಂದ ನನ್ನನ್ನು ನೋಡುತ್ತಿದ್ದ, ಸಿಟ್ಟಿಲ್ಲದ ಮುಖ.

ಅಲ್ಲಿಗೆ ಮುಗಿಯಿತು ಎಂದುಕೊಂಡೆ. ನೋಯೆಲ್ ಗಂಟಲು ಸರಿಮಾಡಿಕೊಂಡ. ಹಾರ್ನಿನ ವಿಷಯ ಬೇರೆ, ಹದಿಮೂರು ವಾರದ ವಿಷಯ ಬೇರೆ, ಆಂಬ್ರೋಸ್‌ನ ಜಾಗಕ್ಕೆ ಹೊಸಬರನ್ನು ನೋಡಬೇಕು ಎನ್ನುವವರು ಕೈ ಎತ್ತಿ ಎಂದ. ಒಂದೊಂದಾಗಿ ಕೈಗಳು ಎದ್ದವು. ಯಾರೂ ಮಾತಾಡಲಿಲ್ಲ, ಕುರ್ಚಿ ಸರಿಸಲಿಲ್ಲ. ಕಂಬದ ಟಕ್ ಕೇಳಿಸಿಕೊಂಡ ಮನುಷ್ಯ, ಎದುರಿಗೆ ಎದ್ದು ನಿಂತ ಅಷ್ಟು ಕೈಗಳ ಮುಂದೆ ಏನೂ ಕೇಳಿಸದೆ ಕೂತಿದ್ದ. ಮುಖದ ಮೇಲೆ ಸಣ್ಣ ನಗುವಿತ್ತು. ಯಾರೂ ಎತ್ತಿಲ್ಲವೇನೋ ಎಂದು ಅವನು ಅಂದುಕೊಂಡಿರಬೇಕು. ಆ ನಗುವನ್ನು ನಾನು ಇವತ್ತಿಗೂ ಮರೆತಿಲ್ಲ.

ನನ್ನ ಕೈ ತೊಡೆಯ ಮೇಲಿತ್ತು. ಅವನು ನನ್ನ ಅಕ್ಕನ ಗಂಡ, ನಾನು ಅವನಿಗೆ ಮಾಡಿದ ಅನ್ಯಾಯ ಐದು ದಿನದ ಹಳೆಯದು. ಆದರೆ ಕೆಸರಿನಲ್ಲಿ ಓಡಲಾರದೆ ಬಿದ್ದು ಏಳುವ ಆ ಹುಡುಗರ ಮುಖಗಳೂ ಕಣ್ಣ ಮುಂದಿದ್ದವು. ಅವರು ಯಾಕೆ ಸೋಲುತ್ತಿದ್ದಾರೆ ಎಂದು ಆ ಕೋಣೆಯಲ್ಲಿ ಖಚಿತವಾಗಿ ಗೊತ್ತಿದ್ದವನು ನಾನೊಬ್ಬನೇ. ಗೊತ್ತಿಲ್ಲದವರೇ ಕೈ ಎತ್ತಿರುವಾಗ, ಗೊತ್ತಿರುವವನು ಸುಮ್ಮನೆ ಕೂತರೆ ಅದು ಇನ್ನೊಂದು ಸುಳ್ಳು ಹಾರ್ನ್. ಅವನಿಗೆ ಹೇಗೂ ಕಾಣುವುದಿಲ್ಲ ಎಂಬ ಹೇಡಿತನವೂ ಸೇರಿತ್ತು, ಒಪ್ಪಿಕೊಳ್ಳುತ್ತೇನೆ. ನಾನು ಕೈ ಎತ್ತಿದೆ.

ಪಕ್ಕದಲ್ಲಿ ಕೂತಿದ್ದೇನೆ ಎಂಬುದು ಆ ಗಳಿಗೆಯಲ್ಲಿ ನನಗೆ ಮರೆತುಹೋಗಿತ್ತು. ಎದುರಿನ ಅಷ್ಟು ಕೈಗಳಲ್ಲಿ ಒಂದೂ ಅವನಿಗೆ ಕಂಡಿರಲಿಲ್ಲ. ಅಂಚಿನಲ್ಲಿದ್ದ ನನ್ನದು ಕಂಡಿತು. ಅವನ ನಗು ಹೋಯಿತು. ನನಗಷ್ಟೇ ಕೇಳುವಂತೆ ಕೇಳಿದ.

"ಒಟ್ಟು ಎಷ್ಟು, ಲೆಸ್?"

"ಇಪ್ಪತ್ತಾರು."

"ನಿಂದು ಸೇರಿ?"

"ನಂದು ಸೇರಿ."

ನಾನು ಕೈ ಇಳಿಸಲು ಹೋದೆ. ಅವನು ನನ್ನ ಮೊಣಕೈಗೆ ತನ್ನ ಕೈ ಕೊಟ್ಟು ತಡೆದ. "ಇಳಿಸಬೇಡ, ನೋಯೆಲ್ ಎಣಿಸ್ತಾ ಇರ್ತಾನೆ," ಎಂದ. ಮತ್ತೆ ಮುಖವನ್ನು ಸಭೆಯ ಕಡೆಗೆ ತಿರುಗಿಸಿ, ಬೆನ್ನು ನೆಟ್ಟಗೆ ಮಾಡಿ ಕೂತು, ತನ್ನ ಕೈಯನ್ನೂ ಎತ್ತಿದ. ನೋಯೆಲ್ ಎಣಿಸುವುದನ್ನು ಅರ್ಧಕ್ಕೆ ನಿಲ್ಲಿಸಿ ಅವನನ್ನೇ ನೋಡಿದ. ಆಮೇಲೆ ತಲೆ ತಗ್ಗಿಸಿ, ಇಪ್ಪತ್ತೇಳು ಎಂದು ಬರೆದುಕೊಂಡ.